ಹಬ್ಬದ ಮರುದಿನದ ತಟ್ಟೆ

ಕ್ರಿಸ್ತಜಯಂತಿ ಸಮೀಪಿಸಿದಂತೆ ಮಧ್ಯರಾತ್ರಿಯ ಬಲಿಪೂಜೆ, ಗೋದಲಿ, ನಕ್ಷತ್ರದೀಪ, ಕೇಕುಗಳ ಕುರಿತು ಬರೆಯುವುದು ಇಂಥ ಅಂಕಣಗಳ ವಾಡಿಕೆ. ಡಿಸೆಂಬರ್ 26ನೇ ತಾರೀಖಿನ ಗೋಜಿಗೆ ಹೋಗುವವರು ಕಡಿಮೆ. ಸರಕಾರದ ರಜಾಪಟ್ಟಿಯಲ್ಲಿ ಆ ದಿನಕ್ಕೆ ಎಡೆಯಿಲ್ಲ. ಕಚೇರಿಯಲ್ಲಿ ದುಡಿಯುವವರು ರಜೆಯ ಅರ್ಜಿ ಬರೆಯಬೇಕು, ಇಲ್ಲವೇ ಬಾಯಲ್ಲಿ ಹಬ್ಬದ ರುಚಿ ಆರುವ ಮೊದಲೇ ಕಡತಗಳ ಮುಂದೆ ಕೂರಬೇಕು. ಇಗರ್ಜಿಯ ಬೆಳಗಿನ ಪೂಜೆಗೂ ಅಂದು ಬೆರಳೆಣಿಕೆಯ ಜನ. ಹಾಗಿದ್ದರೂ ಕಾರವಾರ ಮತ್ತು ಅಂಕೋಲೆಯ ನಮ್ಮ ಮನೆಗಳಲ್ಲಿ ಹಬ್ಬವು ಹೊಸ್ತಿಲು ದಾಟಿ ಬೀದಿಗಿಳಿಯುವುದು ಆ ದಿನವೇ ಎಂಬುದು ನಮ್ಮ ಅನುಭವ.

ಅಂದು ಬೆಳಗು ತಡವಾಗಿ ಆಗುತ್ತದೆ. ಎರಡು ದಿನ ತುಪ್ಪ, ಸಕ್ಕರೆ, ಮಾಂಸಗಳಲ್ಲಿ ಮಿಂದ ನಾಲಿಗೆ ಗಂಜಿಯನ್ನು ಬಯಸುತ್ತದೆ. ಕುಚ್ಚಲಕ್ಕಿಯ ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗಡೆ, ಮಿಡಿ ಉಪ್ಪಿನಕಾಯಿ ಇವುಗಳ ಮುಂದೆ ಹಿಂದಿನ ದಿನದ ಭೋಜನವೆಲ್ಲ ಸಪ್ಪೆಯೆನಿಸುವುದುಂಟು. ಆದರೆ ಸೊರ್ಪೊತೆಲ್‌ನ ಮಾತು ಬೇರೆ. ಅದು ಹಬ್ಬದ ದಿನಕ್ಕಿಂತ ಮರುದಿನ ರುಚಿ, ಮೂರನೆಯ ದಿನ ಇನ್ನೂ ರುಚಿ. ಹುಳಿಯೂ ಮಸಾಲೆಯೂ ಮಾಂಸದೊಳಗೆ ಇಳಿಯಲು ಅಷ್ಟು ಹೊತ್ತು ಬೇಕು. ಶೀತಲಪೆಟ್ಟಿಗೆ ಇಲ್ಲದ ಕಾಲದಲ್ಲಿಯೂ ದಿನಕ್ಕೊಮ್ಮೆ ಕುದಿಸಿಟ್ಟು ನಮ್ಮ ಹಿರಿಯರು ಅದನ್ನು ಹಲವು ದಿನ ಕಾಪಾಡುತ್ತಿದ್ದರು. ಉಳಿದ ಸಣ್ಣಗಳನ್ನು ಹಬೆಯಲ್ಲಿ ಮತ್ತೆ ಬಿಸಿಮಾಡಿ ಮಧ್ಯಾಹ್ನಕ್ಕೆ ಅದರೊಡನೆ ಬಡಿಸಿದರೆ ಮನೆಯ ಗೃಹಿಣಿಗೆ ಅಂದು ಹೊಸ ಅಡುಗೆಯ ಚಿಂತೆಯಿಲ್ಲ. ವರ್ಷದಲ್ಲಿ ಆಕೆಗೆ ದೊರೆಯುವ ಅರ್ಧ ದಿನದ ಬಿಡುವು ಇದೊಂದೇ ಇರಬೇಕು.

ಆ ಬಿಡುವೂ ತಟ್ಟೆಗಳ ಪಾಲಾಗುತ್ತದೆ. ಕೆಲವು ಮನೆಗಳಲ್ಲಿ ಹಬ್ಬದ ಸಂಜೆಯೇ ಈ ಕೆಲಸ ನಡೆಯುವುದುಂಟು; ಬಹಳಷ್ಟು ಕಡೆ ಮರುದಿನಕ್ಕೆ ಉಳಿಯುತ್ತದೆ. ಡಬ್ಬಗಳ ಮುಚ್ಚಳ ತೆರೆದು ಮೇಜಿನ ಮೇಲೆ ತಟ್ಟೆಗಳನ್ನು ಸಾಲಾಗಿ ಇಡುತ್ತಾರೆ. ತೆಂಗಿನಕಾಯಿ, ಎಳ್ಳು, ಗೇರುಬೀಜಗಳ ಹೂರಣ ತುಂಬಿದ ನೆವ್ರಿ, ಬಾಚಣಿಗೆಯ ಬೆನ್ನಮೇಲೆ ಒತ್ತಿ ಸುರುಳಿಸಿದ ಕುಲ್‌ಕುಲ್, ಬೆಲ್ಲವೂ ತೆಂಗಿನ ಹಾಲೂ ಸೇರಿ ಕಪ್ಪಗೆ ಹೊಳೆಯುವ ದೊದೊಲ್, ಒಂದು ತುಂಡು ಕೇಕು. ಮೊಟ್ಟೆ ಮುಟ್ಟದ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕಿನ ಜಾಗದಲ್ಲಿ ಬಾಳೆಹಣ್ಣು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯಾವ ಮನೆಯವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂಬುದು ಕೇರಿಯ ಹೆಂಗಸರಿಗೆ ಕಂಠಪಾಠ. ಮೇಲೊಂದು ಕ್ರೋಶಾ ಹೆಣಿಗೆಯ ವಸ್ತ್ರ ಮುಚ್ಚಿ ಮಕ್ಕಳ ಕೈಗೆ ಕೊಟ್ಟರೆ ಅವರು ಹಬ್ಬದ ಹೊಸ ಬಟ್ಟೆಯನ್ನು ಎರಡನೆಯ ಸಲ ತೊಟ್ಟು ಹೊರಡುತ್ತಾರೆ. ಕೋಮಾರಪಂತರ ಮನೆ, ಹರಿಕಂತರ ಮನೆ, ಅಂಕೋಲೆಯ ಕಡೆಯಾದರೆ ನಾಡವರ ಮನೆ, ಹಾಲಕ್ಕಿ ಒಕ್ಕಲಿಗರ ಮನೆ, ಮುಸಲ್ಮಾನರ ಮನೆ ಹೀಗೆ ದಾರಿ ಸಾಗುತ್ತದೆ. ಚೌತಿಗೆ ಮೋದಕ, ಚಕ್ಕುಲಿ, ಪಂಚಕಜ್ಜಾಯ ಬಂದ ಮನೆಗಳು ಅವು. ದೀಪಾವಳಿಗೆ ಬಗೆಬಗೆಯ ಅವಲಕ್ಕಿ ಬಂದ ಮನೆಗಳು. ಕೊಟ್ಟ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣು, ಹಿತ್ತಿಲಿನ ನಾಲ್ಕು ಅಬ್ಬಲಿಗೆ ಹೂವು ಅದರಲ್ಲಿ ಇದ್ದೇ ಇರುತ್ತವೆ.

ಧರ್ಮಸಭೆಯ ಪಂಚಾಂಗದಲ್ಲಿ ಡಿಸೆಂಬರ್ 26 ಸಂತ ಸ್ತೇಫನರ ಹಬ್ಬ. ಹಿಂದಿನ ದಿನ ಬಿಳಿಯ ಉಡುಪು ಧರಿಸಿದ್ದ ಗುರುಗಳು ಅಂದು ಕೆಂಪು ಉಡುಪಿನಲ್ಲಿ ಪೀಠದ ಬಳಿಗೆ ಬರುತ್ತಾರೆ. ಕ್ರಿಸ್ತನಿಗಾಗಿ ಕಲ್ಲೇಟು ತಿಂದು ಪ್ರಾಣ ತೆತ್ತ ಪ್ರಥಮ ರಕ್ತಸಾಕ್ಷಿ ಈತ ಎಂಬುದು ನಮಗೆಲ್ಲ ಗೊತ್ತು. ಆದರೆ ಈತನ ಹೆಸರು ಪವಿತ್ರ ಗ್ರಂಥದಲ್ಲಿ ಮೊದಲು ಕಾಣಿಸಿಕೊಳ್ಳುವ ಸಂದರ್ಭವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಪ್ರೇಷಿತರ ಕಾರ್ಯಕಲಾಪಗಳು ಎಂಬ ಗ್ರಂಥದ ಆರನೆಯ ಅಧ್ಯಾಯದ ಆರಂಭದಲ್ಲಿ ಒಂದು ದೂರು ಇದೆ. ದಿನದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದೇ ಆ ದೂರು. ಜೆರುಸಲೇಮಿನ ಆದಿಕ್ರೈಸ್ತರಲ್ಲಿಯೂ ನಮ್ಮವರು, ಹೊರಗಿನವರು ಎಂಬ ಭೇದ ನುಸುಳಿತ್ತೆಂದಾಯಿತು. ಅದನ್ನು ಸರಿಪಡಿಸಲು ಆರಿಸಿದ ಏಳು ಮಂದಿಯಲ್ಲಿ ಮೊದಲ ಹೆಸರು ಸ್ತೇಫನರದು. ಎಂದರೆ, ಕಲ್ಲುಗಳ ಮುಂದೆ ನಿಲ್ಲುವ ಮೊದಲು ಆತ ಊಟದ ಪಂಕ್ತಿಯಲ್ಲಿ ಯಾರು ಬಿಟ್ಟುಹೋದರು ಎಂದು ನೋಡಲು ನೇಮಕಗೊಂಡವನು. ಹಬ್ಬದ ದಿನದ ವಾಚನವು ಆ ಅಧ್ಯಾಯದ ಎಂಟನೆಯ ವಾಕ್ಯದಿಂದ ಆರಂಭವಾಗುವುದರಿಂದ ವಿಧವೆಯರ ಪ್ರಸಂಗ ಅಂದು ಕಿವಿಗೆ ಬೀಳುವುದಿಲ್ಲ. ಪೂಜೆಗೆ ಹೋಗಿಬಂದವರು ಮನೆಯಲ್ಲಿ ಬೈಬಲ್ ತೆರೆದು ಅದಕ್ಕೆ ಹಿಂದಿನ ಏಳು ವಾಕ್ಯಗಳನ್ನು ಓದಿಕೊಳ್ಳಬಹುದು.

ನಮ್ಮ ಪೂರ್ವಿಕರು ಇದನ್ನು ಓದಿ ತಟ್ಟೆ ಹಂಚಲು ತೊಡಗಿದರೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಒಂದು ಕಟ್ಟಳೆ ಮಾತ್ರ ಸ್ತೇಫನರ ಕೆಲಸವನ್ನೇ ನೆನಪಿಸುತ್ತದೆ. ವರ್ಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ಆ ಕ್ರಿಸ್ಮಸ್ಸಿಗೆ ಎಣ್ಣೆಯ ಬಾಣಲೆ ಇಡುವುದಿಲ್ಲ, ಸಿಹಿ ಮಾಡುವುದಿಲ್ಲ. ಅಂಥ ಮನೆಗೆ ನೆರೆಯವರೂ ಬಂಧುಗಳೂ ಸಿಹಿಯನ್ನು ಒಯ್ದು ಕೊಡಬೇಕು. ಅಲ್ಲಿ ಗಟ್ಟಿಯಾಗಿ ಹಬ್ಬದ ಶುಭಾಶಯ ಹೇಳುವುದಿಲ್ಲ. ತಟ್ಟೆಯಿಟ್ಟು, ಒಂದು ಗಳಿಗೆ ಕುಳಿತು, ತೀರಿಕೊಂಡವರ ಮಾತಾಡಿ ಎದ್ದುಬರುವುದು ರೂಢಿ. ಕಿರಿಯರು ಹಿರಿಯರ ಮುಂದೆ ಬಾಗಿ ಬೆಸಾಂವ್ ಬೇಡುತ್ತಾರೆ. ಶೋಕದ ಮನೆಯ ಹಿರಿಯರ ಬಾಯಿಂದ ಬರುವ ಆ ಆಶೀರ್ವಾದಕ್ಕೆ ಬೇರೆಯೇ ತೂಕವುಂಟು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಕೇರಿಯಲ್ಲಿ ನಾಲ್ಕು ಮನೆಗಳಾಚೆ ಒಬ್ಬ ವೃದ್ಧೆ ಒಂಟಿಯಾಗಿದ್ದರು. ಗಂಡ ತೀರಿಕೊಂಡು ಐದಾರು ವರ್ಷಗಳಾಗಿದ್ದವು; ಶೋಕದ ಅವಧಿ ಎಂದೋ ಮುಗಿದಿತ್ತು. ಆ ವರ್ಷ ಮುಂಬಯಿಯಿಂದ ನೆಂಟರು ಬಂದು ಮನೆ ತುಂಬಿತ್ತು. ತಟ್ಟೆಗಳು ಹೊರಟವು, ಬಂದವು, ಕತ್ತಲಾಯಿತು. ಅವರ ಮನೆಗೆ ಹೋಗಿದೆಯೆಂದು ನಾವು ಭಾವಿಸಿದೆವು; ಅಣ್ಣ ಒಯ್ದಿರಬೇಕೆಂದು ತಂಗಿ, ತಂಗಿ ಒಯ್ದಿರಬೇಕೆಂದು ಅಣ್ಣ. ಮರುದಿನ ಬೇರಾವುದೋ ಕೆಲಸಕ್ಕೆ ಅವರಲ್ಲಿಗೆ ಹೋದಾಗ ಮೇಜಿನ ಮೇಲೆ ಐದು ಸಣ್ಣ ಕಾಗದದ ಪೊಟ್ಟಣಗಳಿದ್ದವು. ಒಂದೊಂದರಲ್ಲಿ ಸಕ್ಕರೆ, ಪಕ್ಕದಲ್ಲಿ ಒಂದೊಂದು ಬಾಳೆಹಣ್ಣು. ಬರುವ ತಟ್ಟೆಗಳನ್ನು ಬರಿದಾಗಿ ಕಳುಹಿಸಬಾರದೆಂದು ಅವರು ಮುನ್ನಾದಿನವೇ ಕಟ್ಟಿಟ್ಟಿದ್ದರು. ಒಂದು ಪೊಟ್ಟಣವೂ ಬಿಚ್ಚಿರಲಿಲ್ಲ. ನಾವಷ್ಟೇ ಅಲ್ಲ, ಇಡೀ ಕೇರಿಯೇ ಮರೆತಿತ್ತು. ಅವರು ಏನೂ ಹೇಳಲಿಲ್ಲ. "ನೆಂಟರು ಬಂದಿದ್ದಾರಂತಲ್ಲ, ಗಡಿಬಿಡಿ ಇರುತ್ತದೆ ಮಗಾ" ಎಂದಷ್ಟೇ ಅಂದು ಒಂದು ಬಾಳೆಹಣ್ಣನ್ನು ನಮ್ಮ ಕೈಗೆ ಕೊಟ್ಟರು.

ಅಂದಿನಿಂದ ನಮ್ಮ ಮನೆಯಲ್ಲಿ ತಟ್ಟೆಗಳ ಪಟ್ಟಿಯನ್ನು ಕಾಗದದ ಮೇಲೆ ಬರೆಯುತ್ತೇವೆ. ಹಳೆಯ ಕಾಗದಗಳನ್ನು ಎಸೆದಿಲ್ಲ. ವರ್ಷದಿಂದ ವರ್ಷಕ್ಕೆ ಪಟ್ಟಿ ಹೇಗೆ ಬದಲಾಯಿತೆಂದು ನೋಡಿದರೆ ಈ ಊರುಗಳ ಚರಿತ್ರೆಯೇ ಅದರಲ್ಲಿದೆ.

ನಮ್ಮ ಹಿರಿಯರ ಕಾಲದಲ್ಲಿ ಇಂಥ ಪಟ್ಟಿಯ ಉದ್ದದ ದಾರಿ ಉತ್ತರಕ್ಕಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಸ್ಥಾಪನೆಯಾಗುವವರೆಗೆ ಕಾರವಾರ ಸೀಮೆಯ ಇಗರ್ಜಿಗಳು ಗೋವಾದ ಮಹಾಧರ್ಮಪ್ರಾಂತಕ್ಕೆ ಒಳಪಟ್ಟಿದ್ದವು. ಕಾರವಾರ ಸ್ವತಂತ್ರ ಧರ್ಮಪ್ರಾಂತವಾದದ್ದು 1976ರಲ್ಲಿ. ಕಾಣಕೋಣದ ಕಡೆ ಹೆಣ್ಣು ಕೊಟ್ಟು ತಂದ ಮನೆಗಳು ಇಲ್ಲಿ ಬಹಳ. ಹಬ್ಬದ ಮರುದಿನ ತವರಿಗೆ ಹೋಗುವುದು ಮದುವೆಯಾದ ಹೆಣ್ಣುಮಕ್ಕಳ ಹಕ್ಕು. ಕೋಡಿಬಾಗದಲ್ಲಿ ದೋಣಿ ಹತ್ತಿ ಕಾಳಿ ನದಿಯನ್ನು ದಾಟಿ, ಸದಾಶಿವಗಡ, ಮಾಜಾಳಿಗಳ ಮಾರ್ಗವಾಗಿ ಗಡಿಯಾಚೆ ಹೋಗುತ್ತಿದ್ದರು. 1955ರಲ್ಲಿ ಪೋರ್ಚುಗೀಸ್ ಗೋವಾದ ಮೇಲೆ ದಿಗ್ಬಂಧನ ಬಿದ್ದ ಬಳಿಕ ಈ ದಾರಿ ಕಠಿಣವಾಯಿತು. ಅಕ್ಕ ಗಡಿಯ ಈಚೆ, ತಂಗಿ ಆಚೆ. ನಡುವೆ ಒಂದು ಬೆಳಗಿನ ದಾರಿ, ಆದರೂ ತಟ್ಟೆ ದಾಟುವಂತಿರಲಿಲ್ಲ. ಗೋವಾ ವಿಮೋಚನೆಯಾದದ್ದು 1961ರ ಡಿಸೆಂಬರ್ 19ರಂದು. ಆರು ದಿನಗಳ ಬಳಿಕ ಕ್ರಿಸ್ಮಸ್. ಆ ಹಬ್ಬದ ಕಥೆಯನ್ನು ಕೇಳುತ್ತ ಬೆಳೆದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಎಂಬತ್ತರ ದಶಕದಲ್ಲಿ ಕಾಳಿಗೆ ಸೇತುವೆಯಾಗಿ ದೋಣಿಯ ಕಾಯುವಿಕೆ ತಪ್ಪಿತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಮುಂಬಯಿಯೂ ಹತ್ತಿರವಾಯಿತು. ಆ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ನದಿಗೆ ಕುಸಿಯಿತು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ತವರಿನ ದಾರಿ ಕಡಿಯಲಿಲ್ಲ.

ದಕ್ಷಿಣದ ದಾರಿಗೆ ಒದಗಿದ ಬದಲಾವಣೆ ಇದಕ್ಕಿಂತ ಆಳವಾದುದು. ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಕಡಲಬದಿಯಲ್ಲಿ, ಅರಗಾ ಮೊದಲಾದ ಹಳ್ಳಿಗಳು ನೌಕಾನೆಲೆಗಾಗಿ ಎದ್ದುಹೋದವು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಈ ಎರಡು ತಾರೀಖುಗಳ ನಡುವೆ ಎರಡೂ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ತೊಡೂರು, ಮುದಗಾ, ಹಾರವಾಡದಂಥ ಪುನರ್ವಸತಿ ಬಡಾವಣೆಗಳಿಗೆ ಸರಿದವು. ದೇಶಕ್ಕೆ ನೆಲೆ ಬೇಕಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಪರಿಹಾರದ ಲೆಕ್ಕದಲ್ಲಿ ಮನೆಗೆ ಇಷ್ಟು, ತೆಂಗಿನ ಮರಕ್ಕೆ ಇಷ್ಟು ಎಂದು ಬರೆಯಬಹುದು. ಎಡಗಡೆಯ ಮನೆಯಿಂದ ಚೌತಿಗೆ ಮೋದಕ, ಬಲಗಡೆಯ ಮನೆಗೆ ಕ್ರಿಸ್ಮಸ್ಸಿಗೆ ನೆವ್ರಿ ಎಂಬ ನಂಟಿಗೆ ಅಲ್ಲಿ ಕಲಮು ಇರಲಿಲ್ಲ. ಒಂದೇ ಕೇರಿಯವರು ಮೂರು ಬಡಾವಣೆಗಳಲ್ಲಿ ಚದುರಿದ ಮೇಲೆ ತಟ್ಟೆಯನ್ನು ಮಕ್ಕಳ ಕೈಯಲ್ಲಿ ಕಳುಹಿಸುವಂತಿಲ್ಲ. ದ್ವಿಚಕ್ರ ವಾಹನಕ್ಕೆ ಚೀಲ ಕಟ್ಟಿಕೊಂಡು ದೊಡ್ಡವರೇ ಹೋಗಬೇಕು. ಹಾಗೆ ಇಂದಿಗೂ ಹೋಗುವವರನ್ನು ನಾವು ಬಲ್ಲೆವು.

ಪಟ್ಟಿಗೆ ಶೋಕದ ಮನೆಗಳನ್ನು ಸೇರಿಸುವಾಗ ಜಾತಿಮತ ನೋಡುವುದಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಚಹದಂಗಡಿಯೂ ವಾಹನಗಳೂ ಗಂಗಾವಳಿಯ ಪಾಲಾಗಿ, ನದಿಯ ಆಚೆ ದಂಡೆಯ ಉಳುವರೆಯ ಮನೆಗಳವರೆಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಡಿಸೆಂಬರ್ 26 ಎಂಬ ತಾರೀಖಿಗೇ ಒಂದು ಶೋಕವಿದೆ. 2004ರ ಆ ಭಾನುವಾರ ಬೆಳಿಗ್ಗೆ ಪೂರ್ವ ಕರಾವಳಿಗೆ ಸುನಾಮಿ ಅಪ್ಪಳಿಸಿದಾಗ ಕ್ರಿಸ್ಮಸ್ಸಿಗೆಂದು ವೇಲಾಂಕಣಿಗೆ ಹೋಗಿದ್ದ ಯಾತ್ರಿಕರು ಬಹುಸಂಖ್ಯೆಯಲ್ಲಿ ಕೊಚ್ಚಿಹೋದರು. ಅಂದಿನಿಂದ ನಮ್ಮ ಮನೆಯ ಸಂಜೆಯ ಜಪಸರದಲ್ಲಿ ಅವರ ಆತ್ಮಗಳಿಗಾಗಿ ಒಂದು ಪ್ರಾರ್ಥನೆ ಸೇರಿದೆ.

ಸಂಜೆಗೆ ಮಕ್ಕಳು ಕಡಲಿಗೆ ಹೋಗೋಣವೆಂದು ಹಟ ಹಿಡಿಯುತ್ತಾರೆ. ಕಾರವಾರದವರಿಗೆ ಟಾಗೋರ್ ಕಡಲತೀರ, ಅಂಕೋಲೆಯವರಿಗೆ ಕೇಣಿ, ಬೇಲೆಕೇರಿ. ದೊಡ್ಡವರು ಮರಳಿನಲ್ಲಿ ಕುಳಿತು ಯಾರ ಮಗ ಯಾವ ಹಡಗಿನಲ್ಲಿ, ಯಾರ ಮಗಳು ಕುವೈತಿನಲ್ಲೋ ದುಬೈಯಲ್ಲೋ ಎಂದು ಲೆಕ್ಕ ಹಾಕುತ್ತಾರೆ. ಮನೆಗೆ ಬಂದರೆ ಮುಂಬಯಿಯವರ ಪೆಟ್ಟಿಗೆ ಕಟ್ಟುವ ಸಡಗರ. ದೊದೊಲನ್ನು ಬಾಳೆಲೆಯಲ್ಲಿ ಸುತ್ತಿ, ಬಟ್ಟೆಗಳ ನಡುವೆ ಒಣ ಮೀನು ಸೇರದಂತೆ ಎಚ್ಚರ ವಹಿಸಿ, ಕೊನೆಗೆ ಅದೂ ಸೇರಿಯೇ ಸೇರುತ್ತದೆ. ಜನವರಿ ಮೊದಲ ವಾರದಲ್ಲಿ ಕೇರಿಯ ಎಷ್ಟೋ ಮನೆಗಳಿಗೆ ಬೀಗ. ತೆರೆದಿರುವ ಮನೆಗಳಲ್ಲಿ ಹೆಚ್ಚಿನವು ಮುದುಕರವು. ಈಚೆಗೆ ಬೇಕರಿಯ ಅಚ್ಚುಕಟ್ಟಾದ ಪೆಟ್ಟಿಗೆಗಳು ತಟ್ಟೆಯ ಸ್ಥಾನಕ್ಕೆ ಬಂದಿವೆ. ಕರಿಯುವ ತ್ರಾಣವಿಲ್ಲದವರಿಗೆ ಅವು ಅನುಕೂಲವೇ, ನಾವು ದೂರುವುದಿಲ್ಲ. ಆದರೆ ಪೆಟ್ಟಿಗೆ ಹಿಂದಿರುಗಿ ಬರಬೇಕಾಗಿಲ್ಲ. ಸಕ್ಕರೆ ಕಟ್ಟಿಟ್ಟು ಕಾಯುವವರಿಗೆ ಕೆಲಸವಿಲ್ಲದಂತಾಗುತ್ತದೆ.

ನಾವು ಮರೆತ ಆ ವೃದ್ಧೆ ಅನಂತರ ಏಳು ಕ್ರಿಸ್ಮಸ್ ಕಂಡರು. ಅವರು ತೀರಿಕೊಂಡಾಗ ಅವರದೊಂದು ಸ್ಟೀಲಿನ ತಟ್ಟೆ ನಮ್ಮಲ್ಲಿಯೇ ಉಳಿದಿತ್ತು. ಪಾತ್ರೆಯಂಗಡಿಯಲ್ಲಿ ಕೆತ್ತಿಸಿದ ಅವರ ಗಂಡನ ಹೆಸರು ಅದರ ಅಂಚಿನಲ್ಲಿ ಇನ್ನೂ ಓದಲು ಬರುತ್ತದೆ. ಹಿಂದಿರುಗಿಸೋಣವೆಂದರೆ ಆ ಮನೆಯಲ್ಲಿ ಯಾರೂ ಇಲ್ಲ. ಪ್ರತಿವರ್ಷ 26ರ ಬೆಳಿಗ್ಗೆ ಪಟ್ಟಿಯ ಮೊದಲ ಮನೆಗೆ ಆ ತಟ್ಟೆಯೇ ಹೋಗುತ್ತದೆ. ತೆಗೆದುಕೊಂಡವರು ಅಂಚಿನ ಹೆಸರನ್ನು ಓದಿ, ಇದು ಯಾರದು ಎಂದು ಕೇಳುತ್ತಾರೆ. ಮಕ್ಕಳು ಅಲ್ಲಿಯೇ ನಿಂತು ಹೇಳಿ, ತಟ್ಟೆಯಲ್ಲಿ ಎರಡು ಬಾಳೆಹಣ್ಣಿಟ್ಟುಕೊಂಡು ಬರುತ್ತಾರೆ.