ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಸಾಂಪ್ರದಾಯಿಕ ಅಡುಗೆ

ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಸಾಂಪ್ರದಾಯಿಕ ಅಡುಗೆಯು ಚಿತ್ರದುರ್ಗ ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ಬಯಲು ಗ್ರಾಮಗಳಲ್ಲಿ ರೂಢಿಯಲ್ಲಿರುವ ಆಹಾರ ಪದ್ಧತಿಯಾಗಿದೆ. ತಳಕು, ನಾಯಕನಹಟ್ಟಿ ಮೊದಲಾದ ಹೋಬಳಿಗಳು ಈ ಸೀಮೆಗೆ ಸೇರುತ್ತವೆ. ರಾಗಿ, ಸಿರಿಧಾನ್ಯ, ಹುರುಳಿ ಮತ್ತು ಶೇಂಗಾ ಈ ಅಡುಗೆಯ ಆಧಾರಗಳು.

ಹಿನ್ನೆಲೆ

ಇದು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ವೇದಾವತಿ ನದಿಯ ದಂಡೆ ಹಾಗೂ ಕೆರೆಯಂಗಳಗಳನ್ನು ಬಿಟ್ಟರೆ ಉಳಿದ ಹೊಲಗಳಿಗೆ ಮಳೆಯೇ ಗತಿ. ಆದ್ದರಿಂದ ಕಡಿಮೆ ತೇವದಲ್ಲಿ ಬೆಳೆಯುವ ರಾಗಿ, ನವಣೆ, ಸಾಮೆ, ಹಾರಕ, ಸಜ್ಜೆಗಳು ಇಲ್ಲಿ ನೆಲೆಗೊಂಡವು. ಹುಳು ಹಿಡಿಯದೆ ಬಹುಕಾಲ ಉಳಿಯುವ ರಾಗಿಯನ್ನು ಹಿಂದೆ ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಳೆ ಕೈಕೊಟ್ಟ ವರ್ಷದಲ್ಲಿ ಈ ದಾಸ್ತಾನೇ ಕುಟುಂಬವನ್ನು ಕಾಯುತ್ತಿತ್ತು.

ಪ್ರಮುಖ ಖಾದ್ಯಗಳು

ರಾಗಿ ಮುದ್ದೆ: ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಸುರಿದು ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತಿರುವಿ ಉಂಡೆ ಕಟ್ಟುತ್ತಾರೆ. ಇದನ್ನು ಅಗಿಯುವ ಪದ್ಧತಿಯಿಲ್ಲ. ತುಂಡು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.

ಬಸ್ಸಾರು ಮತ್ತು ಉಪ್ಪುಸಾರು: ಸೊಪ್ಪು ಹಾಗೂ ಕಾಳುಗಳನ್ನು ಬೇಯಿಸಿ ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು–ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಪದಾರ್ಥ ಒದಗುತ್ತವೆ. ಉಪ್ಪುಸಾರಿನಲ್ಲಿ ಕಟ್ಟಿಗೆ ಉಪ್ಪನ್ನಷ್ಟೇ ಬೆರೆಸಿ, ಮೆಣಸಿನಕಾಯಿ–ಬೆಳ್ಳುಳ್ಳಿಯ ಖಾರವನ್ನು ಪ್ರತ್ಯೇಕವಾಗಿ ಬಡಿಸುತ್ತಾರೆ.

ಹುರುಳಿ: ಉಪ್ಪು ಹಾಕಿ ಬೇಯಿಸಿದ ಕಾಳು ಗುಗ್ಗರಿ, ಅದರ ಕಟ್ಟು ಸಾರಾಗುತ್ತದೆ. ಕಾಳನ್ನು ಮೊಳಕೆ ಕಟ್ಟಿಯೂ ಸಾರು ಮಾಡುತ್ತಾರೆ.

ನವಣೆ ಅನ್ನ ಮತ್ತು ತಂಬಿಟ್ಟು: ಸಿಪ್ಪೆ ತೆಗೆದ ನವಣೆಯನ್ನು ಅಕ್ಕಿಯಂತೆಯೇ ಬೇಯಿಸಿ ಸಾರು ಅಥವಾ ಮಜ್ಜಿಗೆಯೊಡನೆ ಉಣ್ಣುತ್ತಾರೆ. ನವಣೆ ಅಥವಾ ಅಕ್ಕಿಯ ಹಿಟ್ಟಿಗೆ ಬೆಲ್ಲ ಬೆರೆಸಿದ ತಂಬಿಟ್ಟು ಗ್ರಾಮದೇವತೆಯ ಆರತಿಗೂ ಸಲ್ಲುತ್ತದೆ.

ಶೇಂಗಾ: ದಕ್ಷಿಣ ಅಮೆರಿಕ ಮೂಲದ ಈ ಬೆಳೆ ಇಂದು ಸೀಮೆಯ ಮುಖ್ಯ ವಾಣಿಜ್ಯ ಬೆಳೆಯಾಗಿದೆ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದಿದೆ. ಶೇಂಗಾ ಚಟ್ನಿಪುಡಿ ರೊಟ್ಟಿಗೂ, ಬೆಲ್ಲ ಸೇರಿಸಿದ ಶೇಂಗಾ ಹೂರಣ ಹೋಳಿಗೆಗೂ ಬಳಕೆಯಾಗುತ್ತವೆ.

ಮಂಡಕ್ಕಿ–ಮೆಣಸಿನಕಾಯಿ: ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಬಿಸಿ ಮೆಣಸಿನಕಾಯಿ ಬಜ್ಜಿಯೊಡನೆ ತಿನ್ನುವುದು ಜಿಲ್ಲೆಯಾದ್ಯಂತ ಸಂಜೆಯ ರೂಢಿ.

ಆಚರಣೆಗಳು

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಭಕ್ತರು ಒಣ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ದೇವರ ಎತ್ತುಗಳನ್ನು ಸಾಕುವ ಮ್ಯಾಸಬೇಡ ಸಮುದಾಯದಲ್ಲಿ ಕೋಳಿ ಮಾಂಸ ಸಾಂಪ್ರದಾಯಿಕವಾಗಿ ನಿಷಿದ್ಧ. ಇಂತಹ ಮನೆಗಳಲ್ಲಿ ಅತಿಥಿಗಳಾಗುವವರು ಈ ಕಟ್ಟಳೆಯನ್ನು ಗೌರವಿಸುವುದು ಉಚಿತ.

ಇಂದಿನ ಸ್ಥಿತಿ

ಸಿರಿಧಾನ್ಯದ ಗಟ್ಟಿ ಸಿಪ್ಪೆಯನ್ನು ಒರಳು–ಒನಕೆಯಲ್ಲಿ ಕುಟ್ಟಿ ತೆಗೆಯುವುದು ಹೆಂಗಸರ ಪಾಲಿನ ಕಷ್ಟದ ದುಡಿಮೆಯಾಗಿತ್ತು. ಪಡಿತರ ಅಕ್ಕಿ ಮನೆ ತಲುಪಿದಾಗ ಆ ದುಡಿಮೆ ತಪ್ಪಿತು. ಜೊತೆಗೆ ನವಣೆ, ಹಾರಕಗಳೂ ದಿನದ ತಟ್ಟೆಯಿಂದ ಸರಿದವು. ಬಹಳಷ್ಟು ಹೊಲಗಳನ್ನು ಶೇಂಗಾ ಆವರಿಸಿತು. ಬೀಜ ಬಿತ್ತದೆ ಹೋದರೆ ತಳಿಯೂ, ಅದನ್ನು ಬೇಯಿಸುವ ತಿಳಿವಳಿಕೆಯೂ ಒಟ್ಟಿಗೆ ಮರೆಯಾಗುತ್ತವೆ. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಬಳಿಕ ಪಟ್ಟಣಗಳಲ್ಲಿ ಈ ಧಾನ್ಯಗಳಿಗೆ ಬೇಡಿಕೆ ಹೆಚ್ಚಿದೆ. ಆದರೂ ಬೆಳೆಯುವ ಸೀಮೆಯ ಅಡುಗೆಮನೆಗೆ ಅವು ಹಿಂದಿನ ಪ್ರಮಾಣದಲ್ಲಿ ಮರಳಿಲ್ಲ.

ಪ್ರವಾಸಿಗರಿಗೆ

ಅಶೋಕನ ಶಾಸನಗಳಿರುವ ಸಿದ್ದಾಪುರ, ಬ್ರಹ್ಮಗಿರಿ ಹಾಗೂ ಜಟಿಂಗ ರಾಮೇಶ್ವರ ಬೆಟ್ಟ ಮೊಳಕಾಲ್ಮೂರು ತಾಲ್ಲೂಕಿನಲ್ಲಿವೆ. ಇವನ್ನು ನೋಡಲು ಬರುವವರು ಮುದ್ದೆ ಊಟವನ್ನು ಸ್ಥಳೀಯ ಖಾನಾವಳಿಗಳಲ್ಲಿ ಸವಿಯಬಹುದು. ನವಣೆ ಅನ್ನ ಮತ್ತು ತಂಬಿಟ್ಟು ಮುಖ್ಯವಾಗಿ ಮನೆ ಅಡುಗೆಗಳು; ಹಬ್ಬ–ಜಾತ್ರೆಗಳ ಕಾಲದಲ್ಲಿ ದೊರೆಯುವ ಸಂಭವ ಹೆಚ್ಚು. ಹಸಿ ಶೇಂಗಾ ಬೇಯಿಸಿ ತಿನ್ನಲು ಮುಂಗಾರು ಬೆಳೆ ಕೀಳುವ ಸಮಯ ಸೂಕ್ತ. ಸಾರು ಖಾರವಾಗಿರುವುದರಿಂದ ಹೊಸಬರು ಊಟದ ಜೊತೆ ಮಜ್ಜಿಗೆಯನ್ನು ಕೇಳಿ ಪಡೆಯುವುದು ಒಳ್ಳೆಯದು.