ಚಾಕು ಮೊಂಡಾಗುವುದೇಕೆ? ಮತ್ತೆ ಹರಿತವಾಗುವುದು ಹೇಗೆ?



ಕೆಲವು ವರ್ಷಗಳ ಹಿಂದಿನ ಮಾತು. ವಿಜ್ಞಾನದ ಪ್ರಯೋಗಗಳನ್ನು ತೋರಿಸಲು ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಬಿಸಿಯೂಟದ ಕೋಣೆಯಿಂದ ‘ಅಯ್ಯೋ’ ಎಂಬ ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಅಡುಗೆಯ ಅಕ್ಕ ಎಡಗೈ ಬೆರಳನ್ನು ಒತ್ತಿ ಹಿಡಿದು ಕುಳಿತಿದ್ದರು. ಸಿಹಿಗುಂಬಳಕಾಯಿ ಹೆಚ್ಚುವಾಗ ಚಾಕು ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ತಗುಲಿತ್ತು. ಗಾಯ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿದೆವು.

“ಚಾಕು ಇಷ್ಟೊಂದು ಮೊಂಡಾಗಿದೆಯಲ್ಲಕ್ಕ, ಹರಿತ ಮಾಡಿಸಬಾರದೇ?” ಎಂದು ಕೇಳಿದೆ.

“ಹರಿತವಾಗಿದ್ರೆ ಕೈ ಕುಯ್ಯುತ್ತೆ ಅಂತ ಮೊಂಡಾದ್ದನ್ನೇ ಇಟ್ಕೊಂಡಿದ್ದೀನಿ ಮೇಷ್ಟ್ರೇ” ಎಂದರು ಅವರು.

ನೀವೇ ಯೋಚಿಸಿ. ಹರಿತವಾದ ಚಾಕು ಅಪಾಯವೋ, ಮೊಂಡು ಚಾಕು ಅಪಾಯವೋ? ಹರಿತವಾದದ್ದೇ ಅಪಾಯ ಎಂದು ಬಹಳ ಜನ ಹೇಳುತ್ತಾರೆ. ಆದರೆ ಅಕ್ಕನ ಬೆರಳು ಕುಯ್ದದ್ದು ಮೊಂಡು ಚಾಕು! ಇದು ಹೇಗಾಯಿತು ಎಂದು ತಿಳಿಯಲು ಅಲಗಿನ ಅಂಚನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಒತ್ತಡದ ಲೆಕ್ಕ

ಒತ್ತಡ ಎಂದರೇನು ಎಂದು ನಿಮ್ಮ ಪಾಠದಲ್ಲಿ ಓದಿದ್ದೀರಿ ಅಥವಾ ಮುಂದೆ ಓದುವಿರಿ. ಬಲವನ್ನು ಅದು ಬೀಳುವ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದೇ ಒತ್ತಡ. ಅದೇ ಬಲ ಚಿಕ್ಕ ಜಾಗದ ಮೇಲೆ ಬಿದ್ದರೆ ಒತ್ತಡ ಹೆಚ್ಚು, ದೊಡ್ಡ ಜಾಗದ ಮೇಲೆ ಹರಡಿದರೆ ಒತ್ತಡ ಕಡಿಮೆ. ಮೊಳೆಯ ಚೂಪು ತುದಿ ಗೋಡೆಯೊಳಗೆ ಇಳಿಯುತ್ತದೆ, ತಲೆಯ ಭಾಗ ಇಳಿಯುವುದಿಲ್ಲ, ಅಲ್ಲವೇ?

ಈಗ ಚಾಕುವಿನ ಲೆಕ್ಕ ಮಾಡೋಣ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರೊಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರೊಮೀಟರ್. ಒಂದು ಹರಿತವಾದ ಚಾಕುವಿನ ಅಂಚಿನ ದಪ್ಪ 1 ಮೈಕ್ರೊಮೀಟರ್, ಮೊಂಡು ಚಾಕುವಿನದು 20 ಮೈಕ್ರೊಮೀಟರ್ ಎಂದಿಟ್ಟುಕೊಳ್ಳಿ. ಎರಡರ ಅಲಗೂ ತರಕಾರಿಯನ್ನು 50 ಮಿಲಿಮೀಟರ್ ಉದ್ದಕ್ಕೆ ತಾಗಿದೆ. ಎರಡನ್ನೂ 10 ನ್ಯೂಟನ್ ಬಲದಿಂದ, ಅಂದರೆ ಸುಮಾರು ಒಂದು ಕಿಲೋ ತೂಕ ಇಟ್ಟಷ್ಟು ಬಲದಿಂದ ಒತ್ತುತ್ತೇವೆ.

ಹರಿತವಾದ ಚಾಕು: ವಿಸ್ತೀರ್ಣ 50 × 0.001 = 0.05 ಚದರ ಮಿಲಿಮೀಟರ್. ಒತ್ತಡ 10 ÷ 0.05 = ಪ್ರತಿ ಚದರ ಮಿಲಿಮೀಟರಿಗೆ 200 ನ್ಯೂಟನ್.

ಮೊಂಡು ಚಾಕು: ವಿಸ್ತೀರ್ಣ 50 × 0.02 = 1 ಚದರ ಮಿಲಿಮೀಟರ್. ಒತ್ತಡ 10 ÷ 1 = ಪ್ರತಿ ಚದರ ಮಿಲಿಮೀಟರಿಗೆ 10 ನ್ಯೂಟನ್.

ನೋಡಿದಿರಾ? ಕೈಯ ಬಲ ಒಂದೇ ಆದರೂ ಒತ್ತಡದಲ್ಲಿ 20 ಪಟ್ಟು ವ್ಯತ್ಯಾಸ! ಈ ಕೊರತೆಯನ್ನು ತುಂಬಲು ಅಡುಗೆಯ ಅಕ್ಕ ಮೈಭಾರವನ್ನೆಲ್ಲ ಹಾಕಿ ಒತ್ತಬೇಕಾಯಿತು. ಅಲಗು ಸಿಪ್ಪೆಯನ್ನು ಕಚ್ಚಲಿಲ್ಲ, ಜಾರಿತು. ಜಾರಿದ ಚಾಕುವಿನ ಹಿಂದೆ ಅಷ್ಟೂ ಬಲ ಇತ್ತು. ಕುಂಬಳದ ಗಟ್ಟಿ ಸಿಪ್ಪೆಗೆ ಸಾಲದ ಹರಿತ ನಮ್ಮ ಮೆತ್ತನೆಯ ಚರ್ಮಕ್ಕೆ ಸಾಕು.

ಅಂಚು ಮೊಂಡಾಗುವುದು ಹೇಗೆ?

ಮೃದುವಾದ ತರಕಾರಿಯನ್ನು ಕತ್ತರಿಸಿದರೂ ಉಕ್ಕಿನ ಚಾಕು ಮೊಂಡಾಗುತ್ತದೆ. ಅಂಚು ಅತಿ ತೆಳುವಾಗಿರುವುದರಿಂದ ಮಣೆಗೆ, ಕಲ್ಲಿಗೆ, ಸ್ಟೀಲ್ ತಟ್ಟೆಗೆ ತಾಗಿದಾಗ ಅದು ಒಂದು ಬದಿಗೆ ಬಾಗಿಕೊಳ್ಳುತ್ತದೆ. ಕೆಲವೆಡೆ ಚಿಕ್ಕ ಚಿಕ್ಕ ಚೂರುಗಳು ಮುರಿದು ಹೋಗುತ್ತವೆ. ಉಜ್ಜಿ ಉಜ್ಜಿ ತುದಿ ದುಂಡಗಾಗುತ್ತದೆ. ನಿಂಬೆ, ಹುಣಸೆಯ ಹುಳಿ ಅಂಟಿದ ಚಾಕುವನ್ನು ತೊಳೆಯದೆ ಬಿಟ್ಟರೆ ಅಂಚು ಸವೆಯುತ್ತದೆ.

ಇದನ್ನು ಮುಟ್ಟದೆಯೇ ಪರೀಕ್ಷಿಸಬಹುದು. ಚಾಕುವಿನ ಅಂಚನ್ನು ಮೇಲ್ಮುಖವಾಗಿ ಹಿಡಿದು ಬೆಳಕಿನ ಕೆಳಗೆ ತೋರಿಸುವಂತೆ ದೊಡ್ಡವರನ್ನು ಕೇಳಿ. ಹರಿತವಾದ ಅಂಚು ಬಹಳ ಕಿರಿದು, ಆದ್ದರಿಂದ ಅದು ಕಣ್ಣಿಗೆ ಬೆಳಕನ್ನು ಪ್ರತಿಫಲಿಸುವುದಿಲ್ಲ. ಮೊಂಡಾದ ಕಡೆ ಮಾತ್ರ ಬಿಳಿಯ ಗೆರೆ ಅಥವಾ ಚುಕ್ಕೆ ಮಿನುಗುತ್ತದೆ. ಬೆರಳಿನಿಂದ ಸವರಿ ನೋಡುವ ಅಭ್ಯಾಸ ಬೇಡವೇ ಬೇಡ.

ಉಕ್ಕನ್ನು ಸವೆಸುವುದು ಯಾವುದು?

ಮೊಂಡಾದ ಅಂಚಿನ ಎರಡೂ ಬದಿಯಿಂದ ಸ್ವಲ್ಪ ಉಕ್ಕನ್ನು ಸವೆಸಿದರೆ ಅವು ಸೇರುವಲ್ಲಿ ಹೊಸ ಅಂಚು ಹುಟ್ಟುತ್ತದೆ. ಹರಿತ ಮಾಡುವುದೆಂದರೆ ಇಷ್ಟೇ. ಉಕ್ಕನ್ನು ಸವೆಸಲು ಅದಕ್ಕಿಂತ ಗಡಸಾದ ವಸ್ತು ಬೇಕು.

ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೆಡ್ರಿಕ್ ಮೋಸ್ ಅವರು 1ರಿಂದ 10ರವರೆಗಿನ ಒಂದು ಮಾಪಕವನ್ನು ಮಾಡಿದರು. ಅದರಲ್ಲಿ ನಮ್ಮ ಉಗುರಿನ ಗಡಸುತನ ಸುಮಾರು 2.5. ಚಾಕುವಿನ ಉಕ್ಕಿನದು ಸುಮಾರು 5.5ರಿಂದ 6.5. ಕುರುಂದ ಎಂಬ ಖನಿಜದ್ದು 9, ವಜ್ರದ್ದು 10. ಕುರುಂದ ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಸೇರಿದ ಸಂಯುಕ್ತ. ಕೆಂಪು ಮಾಣಿಕ್ಯವೂ ನೀಲಿ ನೀಲಮಣಿಯೂ ಕುರುಂದದ ರೂಪಗಳೇ! ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರು ನಮ್ಮ ದಕ್ಷಿಣ ಭಾರತದ ಈ ಪದದಿಂದಲೇ ಹೋದದ್ದು. ಕುರುಂದದ ಪುಡಿಯನ್ನು ಅರಗಿನೊಂದಿಗೆ ಕಲಸಿ ಹಿಂದಿನವರು ಸಾಣೆಯ ಚಕ್ರ ಮಾಡುತ್ತಿದ್ದರು.

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಅವರು ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕ್ ಪುಡಿಯನ್ನು ವಿದ್ಯುತ್ತಿನಿಂದ ಕಾಯಿಸಿದರು. ವಜ್ರ ಸಿಗಲಿಲ್ಲ, ಹೊಳೆಯುವ ಗಡಸು ಹರಳುಗಳು ಸಿಕ್ಕವು. ಅದೇ ಸಿಲಿಕಾನ್ ಕಾರ್ಬೈಡ್. ಅವರು ಅದನ್ನು ‘ಕಾರ್ಬೊರಂಡಮ್’ ಎಂದು ಕರೆದರು. ಇಂದಿಗೂ ಅನೇಕ ಮಸೆಗಲ್ಲುಗಳಲ್ಲಿ ಇದೇ ಇರುತ್ತದೆ.

ವಿದ್ಯುತ್ ಸಾಣೆ ಯಂತ್ರದೊಳಗೆ

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಡಲ್ ತುಳಿದು ಕಲ್ಲಿನ ಚಕ್ರ ತಿರುಗಿಸುತ್ತಾ ಸಾಣೆ ಹಿಡಿಯುವವರನ್ನು ನೀವು ನೋಡಿರಬಹುದು. ಮನೆಯಲ್ಲೇ ಆ ಕೆಲಸ ಮಾಡಲು ಈಗ ವಿದ್ಯುತ್ ಸಾಣೆ ಯಂತ್ರ ಬಂದಿದೆ. ಅಂಗಡಿಯವರು ‘ಎಲೆಕ್ಟ್ರಿಕ್ ನೈಫ್ ಶಾರ್ಪನರ್’ ಎನ್ನುತ್ತಾರೆ. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಕಾಲಿನ ಬದಲು ಇಲ್ಲಿ ಚಕ್ರ ತಿರುಗಿಸುವುದು ಮೋಟಾರು.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ದಕ್ಷಿಣ ಭಾರತದ ಉಕ್ಕು ಒಂದು ಕಾಲದಲ್ಲಿ ‘ವೂಟ್ಸ್’ ಎಂಬ ಹೆಸರಿನಿಂದ ಯುರೋಪಿನಲ್ಲಿ ಪ್ರಸಿದ್ಧವಾಗಿತ್ತು. ಕನ್ನಡದ ‘ಉಕ್ಕು’ ಪದವೇ ಹಾಗಾಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ಆ ಉಕ್ಕನ್ನು ವಿಶ್ಲೇಷಿಸಿ ಲೇಖನ ಬರೆದವರು ಮೈಕೆಲ್ ಫ್ಯಾರಡೆ. ಚಾಕು ತಯಾರಕರಾದ ಜೇಮ್ಸ್ ಸ್ಟೋಡಾರ್ಟ್ ಅವರ ಜೊತೆ ಸೇರಿ ಅವರು ಉಕ್ಕಿನ ಮೇಲೆ ಪ್ರಯೋಗ ನಡೆಸಿದರು. ಅದೇ ಫ್ಯಾರಡೆ 1821ರಲ್ಲಿ ವಿದ್ಯುತ್ತಿನಿಂದ ತಂತಿಯೊಂದು ನಿರಂತರವಾಗಿ ಸುತ್ತುವಂತೆ ಮಾಡಿ ತೋರಿಸಿದರು. ಇಂದಿನ ಮೋಟಾರಿಗೆ ಅದೇ ಮೂಲ. ಚಾಕುವಿನ ಉಕ್ಕು ಮತ್ತು ತಿರುಗುವ ಮೋಟಾರು, ಎರಡೂ ಅವರ ಕೈಯಲ್ಲಿ ಹಾದು ಬಂದಿವೆ!

ಯಂತ್ರದ ಮೇಲ್ಭಾಗದಲ್ಲಿ ಚಾಕು ತೂರಿಸಲು ಕಿರಿದಾದ ಸೀಳುಗಳಿರುತ್ತವೆ. ಸಾಮಾನ್ಯವಾಗಿ ಒಂದು ಸೀಳಿನೊಳಗೆ ಒರಟು ಚಕ್ರ, ಇನ್ನೊಂದರಲ್ಲಿ ನಯವಾದ ಚಕ್ರ. ಇವುಗಳ ಮೇಲೆ ವಜ್ರದ ಪುಡಿಯನ್ನೋ ಅಲ್ಯೂಮಿನಿಯಂ ಆಕ್ಸೈಡನ್ನೋ ಲೇಪಿಸಿರುತ್ತಾರೆ. ಅಮ್ಮ ಜರಡಿಯಲ್ಲಿ ಹಿಟ್ಟು ಸೋಸುವಂತೆ ಈ ಪುಡಿಯನ್ನೂ ಜರಡಿ ಹಿಡಿದು ವಿಂಗಡಿಸುತ್ತಾರೆ. ಜರಡಿಯ ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳಿವೆಯೋ ಅದು ಪುಡಿಯ ಸಂಖ್ಯೆ. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ಪುಡಿ ನಯ. ಬಡಗಿಯ ಉಪ್ಪುಕಾಗದದ ಹಿಂಬದಿಯಲ್ಲೂ ಇಂಥ ಸಂಖ್ಯೆ ಇರುತ್ತದೆ, ಹುಡುಕಿ ನೋಡಿ.

ಸೀಳುಗಳ ಮುಖ್ಯ ಕೆಲಸ ಚಾಕುವನ್ನು ಸರಿಯಾದ ಕೋನದಲ್ಲಿ ಹಿಡಿಯುವುದು. ಪ್ರತಿ ಬದಿಗೆ 15 ಅಥವಾ 20 ಡಿಗ್ರಿ ಇರುವುದು ಸಾಮಾನ್ಯ. ಈ ಕೋನ ಎಷ್ಟು ಎಂದು ಕಾಣಬೇಕೇ? ಚೌಕ ಕಾಗದದ ಮೂಲೆ 90 ಡಿಗ್ರಿ. ಮೂಲೆಯಿಂದ ಮೂಲೆಗೆ ಮಡಿಚಿದರೆ 45. ಇನ್ನೊಮ್ಮೆ ಮಡಿಚಿದರೆ 22.5. ಒಂದು ಬದಿಯ ಕೋನ ಇದಕ್ಕಿಂತ ತುಸು ಕಡಿಮೆ. ಕೋನ ಕಿರಿದಾದರೆ ಅಂಚು ಚೂಪು, ಆದರೆ ಬೇಗ ಮುರಿಯುತ್ತದೆ. ಅಗಲವಾದರೆ ಬಾಳಿಕೆ ಹೆಚ್ಚು, ಚೂಪು ಕಡಿಮೆ. ಕೈಯಿಂದ ಕಲ್ಲಿಗೆ ಮಸೆಯುವವರು ವರ್ಷಗಟ್ಟಲೆ ಅಭ್ಯಾಸದಿಂದ ಕಲಿಯುವ ಈ ಕೋನವನ್ನು ಯಂತ್ರ ಸುಲಭವಾಗಿ ಕಾಪಾಡುತ್ತದೆ.

ಬಳಸುವ ಕ್ರಮ

ಈ ಕೆಲಸ ದೊಡ್ಡವರದು. ನೀವು ಪಕ್ಕದಲ್ಲಿ ನಿಂತು ನೋಡಿ, ತಪ್ಪಿದರೆ ನೆನಪಿಸಿ.

1. ಚಾಕುವನ್ನು ತೊಳೆದು ಚೆನ್ನಾಗಿ ಒರೆಸಬೇಕು. ಯಂತ್ರ 230 ವೋಲ್ಟ್ ವಿದ್ಯುತ್ತಿನಲ್ಲಿ ನಡೆಯುತ್ತದೆ. ಒದ್ದೆ ಕೈ ಸಲ್ಲದು.

2. ಯಂತ್ರವನ್ನು ಅಲುಗಾಡದ ಮೇಜಿನ ಮೇಲಿಟ್ಟು ಸ್ವಿಚ್ ಹಾಕಬೇಕು. ಚಕ್ರ ತಿರುಗತೊಡಗಿದ ಮೇಲೆಯೇ ಚಾಕು ಇಳಿಸಬೇಕು.

3. ಹಿಡಿಯ ಹತ್ತಿರದ ಅಲಗನ್ನು ಒರಟು ಸೀಳಿನಲ್ಲಿ ಇಳಿಸಿ, ತುದಿಯವರೆಗೆ ಒಂದೇ ವೇಗದಲ್ಲಿ ತಮ್ಮ ಕಡೆಗೆ ಎಳೆಯಬೇಕು. ಒತ್ತಬಾರದು, ಮಧ್ಯೆ ನಿಲ್ಲಿಸಬಾರದು. ನಿಲ್ಲಿಸಿದ ಕಡೆ ಅಲಗಿನಲ್ಲಿ ಗುಳಿ ಬೀಳುತ್ತದೆ.

4. ಬಲಕ್ಕೆ ಒಂದು ಸಲ, ಎಡಕ್ಕೆ ಒಂದು ಸಲ, ಹೀಗೆ ಎರಡೂ ಬದಿಗೆ ಸಮನಾಗಿ ಕೆಲವು ಸಲ ಎಳೆದರೆ ಸಾಕು.

5. ಈಗ ಅಂಚಿನಲ್ಲಿ ಲೋಹದ ಅತಿ ತೆಳುವಾದ ಎಳೆಯೊಂದು ಬಾಗಿ ನಿಂತಿರುತ್ತದೆ. ನಯವಾದ ಸೀಳಿನಲ್ಲಿ ಮತ್ತೆರಡು ಸಲ ಎಳೆದರೆ ಅದು ಹೋಗಿ ಅಂಚು ನುಣುಪಾಗುತ್ತದೆ.

6. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಚಾಕುವನ್ನು ಮತ್ತೆ ತೊಳೆಯಬೇಕು. ಅದರ ಮೇಲೆ ಲೋಹದ ಪುಡಿ ಇರುತ್ತದೆ. ಅದು ಊಟದಲ್ಲಿ ಸೇರಬಾರದು.

ಪ್ರತಿ ಸಲವೂ ಸ್ವಲ್ಪ ಉಕ್ಕು ಸವೆದು ಹೋಗುತ್ತದೆ. ಆದ್ದರಿಂದ ವಾರ ವಾರ ಒರಟು ಸೀಳಿಗೆ ಹಾಕಿದರೆ ಚಾಕುವೇ ಕರಗಿ ಹೋಗುತ್ತದೆ. ಗರಗಸದಂಥ ಹಲ್ಲಿರುವ ಚಾಕು, ಕತ್ತರಿ, ಪಿಂಗಾಣಿಯ ಚಾಕು ಇವುಗಳನ್ನು ಸಾಮಾನ್ಯ ಯಂತ್ರಕ್ಕೆ ಹಾಕಬಾರದು.

ನಾನು ಮಾಡಿದ ತಪ್ಪು

ಒತ್ತಬಾರದು ಎಂದೆನಲ್ಲ, ಅದನ್ನು ನಾನು ಕಲಿತದ್ದು ಚಾಕು ಕೆಡಿಸಿಕೊಂಡು. ಹಿಂದೊಮ್ಮೆ ನಮ್ಮ ಮನೆಯ ಸಾದಾ ಉಕ್ಕಿನ ಚಾಕುವನ್ನು ವೆಲ್ಡಿಂಗ್ ಅಂಗಡಿಯ ದೊಡ್ಡ ಚಕ್ರಕ್ಕೆ ಒತ್ತಿ ಹಿಡಿದೆ. ಕಿಡಿಗಳು ಹಾರಿದವು. ನೋಡಲು ಚೆಂದ! ಆದರೆ ಚಾಕುವಿನ ತುದಿ ನೀಲಿಯಾಯಿತು. ಅದು ಹರಿತವೇನೋ ಆಯಿತು, ನಾಲ್ಕೇ ದಿನಕ್ಕೆ ತುದಿ ಮತ್ತೆ ಮೊಂಡಾಯಿತು.

ಕಾರಣ ಏನು? ಚಾಕು ಮಾಡುವಾಗ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸುತ್ತಾರೆ. ಆಗ ಅದು ಬಹಳ ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಮುರಿಯುವ ಗುಣವೂ ಬರುತ್ತದೆ. ಮತ್ತೆ ಹದವಾಗಿ ಕಾಯಿಸಿ ಆ ಗುಣವನ್ನು ಕಡಿಮೆ ಮಾಡುತ್ತಾರೆ. ಕಮ್ಮಾರರು ಇದನ್ನೇ ‘ಹದ’ ಎನ್ನುವುದು. ಘರ್ಷಣೆಯಿಂದ ನನ್ನ ಚಾಕುವಿನ ತುದಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿತ್ತು. ನೀಲಿ ಬಣ್ಣ ಅದರ ಗುರುತು. ಅಷ್ಟು ಕಾದಾಗ ಹದ ಕೆಟ್ಟು ಉಕ್ಕು ಮೆತ್ತಗಾಯಿತು. ಸಾಣೆ ಹಿಡಿಯುವವರು ಆಗಾಗ ಅಲಗನ್ನು ನೀರಿಗೆ ಅದ್ದುವುದು ಇದಕ್ಕೇ.

ಅಂದ ಹಾಗೆ, ಆ ಕಿಡಿಗಳು ಗಾಳಿಯ ಆಕ್ಸಿಜನ್ನಿನಲ್ಲಿ ಉರಿಯುವ ಉಕ್ಕಿನ ಸಣ್ಣ ಚೂರುಗಳು. ದೀಪಾವಳಿಯ ಸುರುಸುರು ಬತ್ತಿಯಲ್ಲೂ ಉರಿಯುವುದು ಕಬ್ಬಿಣದ ಪುಡಿಯೇ.

ಮತ್ತೆ ಆ ಶಾಲೆಗೆ

ಮುಂದಿನ ಸಲ ಆ ಶಾಲೆಗೆ ಹೋದಾಗ ಯಂತ್ರವನ್ನು ಜೊತೆಗೆ ಒಯ್ದೆ. ಏಳನೆಯ ತರಗತಿಯ ಮಕ್ಕಳೆಲ್ಲ ಸುತ್ತ ನಿಂತರು. ಹರಿತ ಮಾಡಿದ ಚಾಕುವನ್ನು ಅಕ್ಕನ ಕೈಗೆ ಕೊಟ್ಟು, “ಮೊದಲಿನಷ್ಟು ಒತ್ತಬೇಡಿ ಅಕ್ಕ” ಎಂದೆ. ಈ ಎಚ್ಚರಿಕೆ ಬಹಳ ಮುಖ್ಯ. ಚಾಕು ಹೊಸದಾದರೂ ಕೈಗೆ ಹಳೆಯ ಅಭ್ಯಾಸವೇ ಇರುತ್ತದಲ್ಲವೇ?

ಅವರು ಟೊಮೆಟೊ ಒಂದರ ಮೇಲೆ ಚಾಕುವನ್ನಿಟ್ಟು ಮೆಲ್ಲಗೆ ಎಳೆದರು. ಸಿಪ್ಪೆ ನಜ್ಜಾಗದೆ, ರಸ ಚೆಲ್ಲದೆ ಎರಡು ಹೋಳಾಯಿತು. “ಒತ್ತೋದೇ ಬೇಡ ಮೇಷ್ಟ್ರೇ!” ಎಂದು ನಕ್ಕರು. ಆಮೇಲೆ ಮೂಲೆಯಲ್ಲಿದ್ದ ಈಳಿಗೆಮಣೆ ತೋರಿಸಿ, “ಇದನ್ನೂ ಮಾಡಿಕೊಡಿ” ಎಂದರು. ನನ್ನ ಯಂತ್ರ ಅಲ್ಲಿ ಸೋತಿತು. ಮಣೆಗೆ ಕೂಡಿಸಿದ ಬಾಗಿದ ಅಲಗು ಆ ಸೀಳಿನಲ್ಲಿ ಇಳಿಯುವುದೇ ಇಲ್ಲ. ಅದಕ್ಕೆ ಸಾಣೆಯವರೇ ಬರಬೇಕು. ಸಂತೆಯ ದಿನ ಅವರನ್ನು ಕರೆಸುವುದೆಂದು ತೀರ್ಮಾನವಾಯಿತು.

ಮಾಡಿ ನೋಡಿ

1. ಒಂದು ಅಯಸ್ಕಾಂತವನ್ನು ತನ್ನಿ. ಮನೆಯ ಸ್ಟೀಲ್ ತಟ್ಟೆ, ಲೋಟ, ಚಮಚಗಳಿಗೆ ತಾಗಿಸಿ. ದೊಡ್ಡವರು ಚಾಕುವನ್ನು ಹಿಡಿದುಕೊಂಡಾಗ ಅದರ ಬದಿಗೂ ತಾಗಿಸಿ. ಉಕ್ಕಿನ ಚಾಕುಗಳಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುತ್ತದೆ, ಅನೇಕ ತಟ್ಟೆಗಳಿಗೆ ಅಂಟುವುದಿಲ್ಲ. ಎಲ್ಲ ಸ್ಟೀಲೂ ಒಂದೇ ಅಲ್ಲ! ಪಟ್ಟಿ ಮಾಡಿ.

2. ಸಾಣೆಯವರು ಬಂದು ಹೋದ ಮೇಲೆ ನೆಲದ ಪುಡಿಯ ಮೇಲೆ ಕಾಗದ ಸುತ್ತಿದ ಅಯಸ್ಕಾಂತವನ್ನು ಆಡಿಸಿ. ಏನು ಅಂಟುತ್ತದೆ? ಅದು ಎಲ್ಲಿಂದ ಬಂತು?

3. ವಿದ್ಯುತ್ ಸಾಣೆ ಯಂತ್ರದಲ್ಲಿ ವಿದ್ಯುತ್ ಶಕ್ತಿ ಯಾವ ಯಾವ ರೂಪಗಳಿಗೆ ಬದಲಾಗುತ್ತದೆ? ಕಣ್ಣು, ಕಿವಿ ಎರಡನ್ನೂ ಬಳಸಿ ಉತ್ತರ ಹುಡುಕಿ, ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.