ಪರದೆಯ ಮೂಲೆಯಲ್ಲೊಂದು ಹೆಸರು

ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆ ಹತ್ತಿರ ಬಂತೆಂದರೆ ಗೋಡೆಗಳ ಮೇಲೆ ಬಣ್ಣಬಣ್ಣದ ನಾಟಕದ ಹ್ಯಾಂಡ್‌ಬಿಲ್ ಕಾಣಿಸಿಕೊಳ್ಳುತ್ತದೆ. ದೇವದುರ್ಗದ ಬಸ್ ನಿಲ್ದಾಣವಿರಲಿ, ಮಾನ್ವಿಯ ಚಹಾದಂಗಡಿಯಿರಲಿ, ಅದರ ವಿನ್ಯಾಸ ಬದಲಾಗುವುದಿಲ್ಲ. ಮೇಲೆ ಊರ ದೇವರು, ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು. ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗುವವರು, ಮುಖ್ಯ ಅತಿಥಿಗಳು ಎಂದು ಊರ ಹಿರಿಯರ ಉದ್ದನೆಯ ಪಟ್ಟಿ. ನಂತರ ಪಾತ್ರಧಾರಿಗಳ ಭಾವಚಿತ್ರ. ಎಲ್ಲವೂ ಮುಗಿದ ಮೇಲೆ, ಜಾಗ ಉಳಿದಿದ್ದರೆ, ತಳದಲ್ಲಿ ‘ರಂಗಸಜ್ಜಿಕೆ’ ಎಂದು ಒಂದು ಡ್ರಾಮಾ ಸೀನ್ಸ್‌ನ ಹೆಸರು. ಪರದೆ ಬರೆದವರು ಯಾರು, ದೀಪ ಕಟ್ಟಿದವರು ಯಾರು? ಆ ವಿವರ ಅಲ್ಲಿಯೂ ಸಿಗುವುದಿಲ್ಲ.

ಆದರೆ ಅಂದಿನ ರಾತ್ರಿ ಅವರಿಲ್ಲದೆ ನಾಟಕವೇ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಟ್ರ್ಯಾಕ್ಟರ್‌ನಿಂದ ಇಳಿದ ಬೊಂಬು, ಹಲಗೆ, ಹಗ್ಗ, ಸುತ್ತಿದ ಪರದೆಗಳು ಸಂಜೆಯೊಳಗೆ ರಂಗವಾಗಿ ನಿಲ್ಲಬೇಕು. ಕಾಡಿನ ಪರದೆ, ಬೀದಿಯ ಪರದೆ, ಅರಮನೆಯ ಪರದೆ, ಬಡವನ ಮನೆಯ ಪರದೆ: ಇವು ಯಾವ ಕ್ರಮದಲ್ಲಿ ಬೀಳಬೇಕೆಂದು ಹಗ್ಗ ಹಿಡಿದವನಿಗೆ ಬಾಯಿಪಾಠ. ನಾಯಕ ಮಾತು ಮರೆತರೆ ಪ್ರಾಂಪ್ಟರ್ ಇದ್ದಾನೆ. ಅರಮನೆಯ ದೃಶ್ಯಕ್ಕೆ ಕಾಡಿನ ಪರದೆ ಇಳಿದರೆ ಮಾತ್ರ ಯಾರೂ ಕಾಪಾಡಲಾರರು.

ಇದು ದಾಸರ ನಾಡು. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲ್ಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಜಗನ್ನಾಥದಾಸರ ನೆಲೆ ಮಾನ್ವಿ. ಹಾಡಿನ ಕೊನೆಯಲ್ಲಿ ಅಂಕಿತವಿರುವುದರಿಂದಲೇ ಯಾವುದು ಯಾರ ರಚನೆಯೆಂದು ಎರಡು ಶತಮಾನಗಳ ನಂತರವೂ ತಿಳಿಯುತ್ತದೆ. ಪರದೆ ಬರೆಯುವ ಪೇಂಟರಿಗೂ ಒಂದು ಅಂಕಿತವುಂಟು. ಬಟ್ಟೆಯ ಕೆಳಮೂಲೆಯಲ್ಲಿ ಆತ ತನ್ನ ಹೆಸರನ್ನು ಚಿಕ್ಕದಾಗಿ ಬರೆಯುತ್ತಾನೆ. ಆದರೆ ಪರದೆ ಸುತ್ತಿ, ಬಿಚ್ಚಿ, ಎಳೆದಾಡಿ ಮೊದಲು ಹರಿಯುವುದೂ ಆ ಮೂಲೆಯೇ.

ಕನ್ನಡದ ವೃತ್ತಿರಂಗಭೂಮಿ ಕಣ್ಣಿಗೆ ಹಬ್ಬವಾಗಿಯೇ ಬೆಳೆದದ್ದು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದುದನ್ನು ಹಿರಿಯರು ಬಣ್ಣಿಸುತ್ತಿದ್ದರು. ಗುಬ್ಬಿ ವೀರಣ್ಣನವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ದೊರೆತವು. ಅವರು ಅದಕ್ಕೆ ಅರ್ಹರೇ. ಆನೆಯ ಭಾರ ತಾಳುವಂತೆ ರಂಗವನ್ನು ಅಣಿಗೊಳಿಸಿದ ಬಡಗಿಗಳನ್ನು ಎಷ್ಟು ಜನ ಬಲ್ಲರು?

ಬೆಳಕಿನದು ಇನ್ನೊಂದು ಕಥೆ. ಪೆಟ್ರೋಮ್ಯಾಕ್ಸ್ ದೀಪದ ಕಾಲದಲ್ಲಿ ಬೆಳಕೆಂದರೆ ಇದೆ ಅಥವಾ ಇಲ್ಲ, ಅಷ್ಟೆ. ವಿದ್ಯುತ್ತು ಬಂದ ಮೇಲೆ ಬೆಳಕನ್ನು ನಿಧಾನವಾಗಿ ಏರಿಸುವ, ಇಳಿಸುವ ಆಸೆ ಹುಟ್ಟಿತು. ಡಿಮ್ಮರ್ ಕೊಳ್ಳಲು ಹಣವಿಲ್ಲದ ತಂಡಗಳು ಉಪ್ಪುನೀರಿನ ಉಪಾಯ ಹೂಡಿದವು. ಒಂದು ಪಾತ್ರೆಯ ಉಪ್ಪುನೀರಿನಲ್ಲಿ ಎರಡು ಲೋಹದ ತಗಡು. ದೀಪಕ್ಕೆ ಹೋಗುವ ವಿದ್ಯುತ್ತು ಆ ನೀರನ್ನು ದಾಟಿಯೇ ಹೋಗಬೇಕು. ತಗಡುಗಳು ಹತ್ತಿರವಾದಂತೆ ತಡೆ ಕಡಿಮೆಯಾಗಿ ದೀಪ ಪ್ರಖರವಾಗುತ್ತದೆ, ದೂರವಾದಂತೆ ಮಂಕಾಗುತ್ತದೆ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಓದುವ ಓಮ್‌ನ ನಿಯಮವೇ ಇದು. ನೀರು ಕಾದು ಕುದಿಯುತ್ತಿತ್ತು, ಕೈ ತಗುಲಿದರೆ ಪ್ರಾಣಕ್ಕೇ ಅಪಾಯ. ಮಕ್ಕಳು ಇದನ್ನು ಮನೆಯಲ್ಲಿ ಖಂಡಿತ ಪ್ರಯೋಗಿಸಕೂಡದು. ನಾಯಕಿಯ ದುಃಖಕ್ಕೆ ಬೆಳಕು ಮೆಲ್ಲಗೆ ಕುಂದಿ ಜನ ಕಣ್ಣೊರೆಸಿಕೊಳ್ಳುವಾಗ, ಸೈಡ್‌ವಿಂಗಿನ ಹಿಂದೆ ಒಬ್ಬ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದ.

ಕೋಲ್ಕತ್ತದ ತಾಪಸ್ ಸೇನ್ ಇಂಥ ಬಡ ಸಲಕರಣೆಗಳಿಂದಲೇ ಬೆಳೆದು ದೇಶದ ಬೆಳಕಿನ ಗುರುವಾದರು. 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಗೆ ನೀರು ನುಗ್ಗುವ ದೃಶ್ಯವನ್ನು ಅವರು ಬರೀ ಬೆಳಕಿನಿಂದ ತೋರಿಸಿದರು. 1974ರಲ್ಲಿ ಅವರಿಗೂ ಅಕಾಡೆಮಿ ಪ್ರಶಸ್ತಿ ಬಂತು. ಅಂದಹಾಗೆ, 1720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರವಿರುವುದು ರಾಯಚೂರು ಜಿಲ್ಲೆಯಲ್ಲೇ. ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆಯ ಹಳ್ಳಿಯ ನಾಟಕಕ್ಕೆ ಜನರೇಟರ್ ಬಾಡಿಗೆ ತರುವುದು ಮಾತ್ರ ತಪ್ಪಿದ್ದಲ್ಲ!

ನೇಪಥ್ಯದವರು ತಮ್ಮನ್ನು ತಾವೇ ಗೌರವಿಸಿಕೊಂಡ ಉದಾಹರಣೆ ಹೊರದೇಶಗಳಲ್ಲಿದೆ. ಅಮೆರಿಕದಲ್ಲಿ ರಂಗವಿನ್ಯಾಸಕರು ಮತ್ತು ತಂತ್ರಜ್ಞರು 1960ರಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. 1968ರಲ್ಲಿ ಪ್ರಾಗ್ ನಗರದಲ್ಲಿ ಇಂಥವರ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, 1967ರಲ್ಲಿ, ಅದೇ ನಗರದಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಂಗವಿನ್ಯಾಸ ಪ್ರದರ್ಶನ ಆರಂಭವಾಗಿತ್ತು. ಸಂಘಕ್ಕಾಗಿ ಆಯುಷ್ಯ ಸವೆಸಿದವರನ್ನು ವೇದಿಕೆಗೆ ಕರೆದು ಸನ್ಮಾನಿಸುವುದು ಅಲ್ಲಿನ ಪದ್ಧತಿ.

ನಮ್ಮಲ್ಲಿ ಅಂಥ ಗೌರವ ಕಂಡ ಕನ್ನಡಿಗರೆಂದರೆ ಎಂ.ಎಸ್. ಸತ್ಯು. 1930ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಬಿ.ಎಸ್ಸಿ. ಓದನ್ನು ಅರ್ಧಕ್ಕೆ ಬಿಟ್ಟು 1952ರಲ್ಲಿ ಮುಂಬಯಿಗೆ ಹೋದರು. ತಂದೆತಾಯಿಗಳು ಇದನ್ನು ಮಕ್ಕಳೆದುರು ಗಟ್ಟಿಯಾಗಿ ಓದಬೇಕಿಲ್ಲ! ಕೆಲಸವಿಲ್ಲದ ದಿನಗಳೂ ಅವರ ಪಾಲಿಗೆ ಸಾಕಷ್ಟಿದ್ದವು. ನಂತರ ದೆಹಲಿಯ ತಂಡಗಳಿಗೆ, ಹಬೀಬ್ ತನ್ವೀರರ ನಾಟಕಗಳಿಗೆ ಸೆಟ್ಟು, ಬೆಳಕು ಹೊಂದಿಸಿದರು. ‘ಹಕೀಕತ್’ ಚಿತ್ರದ ಕಲಾನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಜನ ಅವರನ್ನು ‘ಗರಂ ಹವಾ’ ಚಿತ್ರದ ನಿರ್ದೇಶಕರೆಂದೇ ಬಲ್ಲರು. ಈ ಭಾಗದವರಿಗೆ ಅವರು ಇನ್ನೂ ಹತ್ತಿರದವರು: ಅನಂತಮೂರ್ತಿಯವರ ಕತೆಯನ್ನಾಧರಿಸಿದ ‘ಬರ’ ಚಿತ್ರವನ್ನು ಅವರು ತೆಗೆದದ್ದು ಬೀದರಿನಲ್ಲಿ.

ಸಿನಿಮಾದ ಹೆಸರು ಬಂದ ಮೇಲೂ ಅವರು ‘ಇಪ್ಟಾ’ ಬಿಡಲಿಲ್ಲ. 1943ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಈ ಜನನಾಟ್ಯ ಸಂಘಕ್ಕಾಗಿ ದಶಕಗಳ ಕಾಲ ನಾಟಕ ನಿರ್ದೇಶಿಸಿದರು, ರಂಗ ವಿನ್ಯಾಸಗೊಳಿಸಿದರು. 2014ನೇ ಸಾಲಿನ ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ ಅವರಿಗೆ ಸಂದಿತು. ಈ ಗೌರವ ಪಡೆದವರು ಏಕಕಾಲಕ್ಕೆ ದೇಶದಲ್ಲಿ 40 ಮಂದಿಯನ್ನು ಮೀರುವಂತಿಲ್ಲ ಎಂಬುದನ್ನು ನೆನೆದರೆ ಅದರ ತೂಕ ತಿಳಿದೀತು. ಸೆಟ್ಟಿಗೆ ಮೊಳೆ ಹೊಡೆಯುವುದರಿಂದ ಶುರುವಾದ ಬದುಕು ಅಲ್ಲಿಯವರೆಗೆ ಹೋಯಿತು.

ಚಿತ್ರ ಬಿಡಿಸುವ, ರೇಡಿಯೋ ಬಿಚ್ಚಿ ಜೋಡಿಸುವ ಹುಡುಗ ಹುಡುಗಿಯರು ಪ್ರತಿ ಶಾಲೆಯಲ್ಲೂ ಇದ್ದಾರೆ. ರಂಗದ ಮೇಲೆ ನಿಲ್ಲಲು ನಾಚುವವರೇ ಅವರಲ್ಲಿ ಹೆಚ್ಚು. ಅಂಥವರಿಗೂ ರಂಗಭೂಮಿಯಲ್ಲಿ ಕಲಿಯುವುದುಂಟು. ಹೆಗ್ಗೋಡಿನ ನೀನಾಸಂ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದಲ್ಲಿ ಅಭಿನಯದ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳ ಪಾಠವೂ ಇದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಡಿಪ್ಲೊಮಾದಲ್ಲಿ ವಿನ್ಯಾಸವನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು. ಹೊಟ್ಟೆ ತುಂಬೀತೇ ಎಂಬುದು ತಂದೆತಾಯಿಗಳ ಪ್ರಶ್ನೆ. ಬರೀ ನಾಟಕದಿಂದ ತುಂಬುವುದು ಕಷ್ಟವೇ. ಆದರೆ ಈ ಕೆಲಸ ಬಲ್ಲವರಿಗೆ ಸಿನಿಮಾ, ಟಿ.ವಿ., ಸಂಗೀತ ಕಛೇರಿ, ದೊಡ್ಡ ಸಮಾರಂಭಗಳಲ್ಲೂ ಬೇಡಿಕೆಯಿದೆ.

ವಯಸ್ಸಾದವರ ಕಷ್ಟ ಬೇರೆ. ಬಡ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ನಾಟಕ ಅಕಾಡೆಮಿ ವರ್ಷ ವರ್ಷ ಪ್ರಶಸ್ತಿ ಕೊಡುತ್ತದೆ. ಎರಡಕ್ಕೂ ಇಷ್ಟು ವರ್ಷ ದುಡಿದೆ ಎಂಬುದಕ್ಕೆ ಪುರಾವೆ ಬೇಕಷ್ಟೆ. ನಟನ ಬಳಿ ಕಿರೀಟ ತೊಟ್ಟ ಫೋಟೋ ಇರುತ್ತದೆ, ಹೆಸರು ಅಚ್ಚಾದ ಹ್ಯಾಂಡ್‌ಬಿಲ್ ಇರುತ್ತದೆ. ಹಗ್ಗ ಎಳೆದವನ ಫೋಟೋ ತೆಗೆದವರಾರು?

ರಾಯಚೂರಿನ ರಂಗಮಂದಿರಕ್ಕೆ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟು ಊರು ತನ್ನ ಕಲಾವಿದನನ್ನು ನೆನೆದಿದೆ. ಹಳ್ಳಿಯ ನಾಟಕದ ಸಂಘದವರು ಮುಂದಿನ ಜಾತ್ರೆಗೆ ಹ್ಯಾಂಡ್‌ಬಿಲ್ ಅಚ್ಚು ಹಾಕಿಸುವಾಗ, ಮುಖ್ಯ ಅತಿಥಿಗಳಲ್ಲಿ ಇಬ್ಬರನ್ನು ಕಡಿಮೆ ಮಾಡಿದರೆ ಪರದೆಯವನ, ಲೈಟಿನವನ ಹೆಸರಿಗೆ ಎರಡು ಸಾಲು ಜಾಗ ಸಿಕ್ಕೀತು. ಪ್ರೆಸ್ಸಿನವರು ಅದಕ್ಕೆ ಹೆಚ್ಚಿನ ದುಡ್ಡೇನೂ ಕೇಳುವುದಿಲ್ಲ.